ಮೇಷ್ಟ್ರ ಮಾತೋ, ಮಕ್ಕಳ ಮಾತೋ? ಒಂದು ಪೀರಿಯಡ್ಡಿಗೆ ಐದು ದಾರಿಗಳ ಹೋಲಿಕೆ

ತರಬೇತಿಗೆ ಹೋದಾಗಲೆಲ್ಲ ಒಂದು ಮಾತು ಕೇಳಿಕೊಂಡು ಬರುತ್ತೇವೆ: "ಶಿಕ್ಷಕರು ಮಾತು ಕಡಿಮೆ ಮಾಡಬೇಕು, ಮಕ್ಕಳು ಭಾಗವಹಿಸಬೇಕು." ಹಾಗೆ ಹೇಳುವ ಸಂಪನ್ಮೂಲ ವ್ಯಕ್ತಿ ಮಾತ್ರ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಒಬ್ಬರೇ ಮಾತಾಡಿರುತ್ತಾರೆ. ಮರುದಿನ ನಾವು ತರಗತಿಗೆ ಹೋಗಿ, ಒಂದೆರಡು ದಿನ ಮಕ್ಕಳನ್ನು ಗುಂಪು ಕೂರಿಸಿ, ಗದ್ದಲಕ್ಕೆ ಪಕ್ಕದ ತರಗತಿಯವರು ಬಂದು ಇಣುಕಿದ ಮೇಲೆ ಮತ್ತೆ ಚಾಕ್‌ಪೀಸು ಹಿಡಿದು ಬೋರ್ಡಿನ ಕಡೆ ತಿರುಗುತ್ತೇವೆ.

ನಾನು ಆರರಿಂದ ಎಂಟನೇ ತರಗತಿಯವರೆಗೆ ಗಣಿತ, ವಿಜ್ಞಾನ ಪಾಠ ಮಾಡುವವನು. ಈ ಎರಡು ದಡಗಳ ನಡುವೆ ಸಾಕಷ್ಟು ಸಲ ಈಜಾಡಿದ್ದೇನೆ. ಈಗ ನನಗೆ ಅನ್ನಿಸುವುದಿಷ್ಟು: ಯಾರು ಎಷ್ಟು ನಿಮಿಷ ಮಾತಾಡಿದರು ಅನ್ನುವುದು ಅರ್ಧ ಲೆಕ್ಕ. ನಾನು ಒಂದು ಪ್ರಶ್ನೆ ಕೇಳಿದಾಗ ತರಗತಿಯಲ್ಲಿ ಎಷ್ಟು ತಲೆಗಳು ಉತ್ತರ ಹುಡುಕಲೇಬೇಕಾಯಿತು ಅನ್ನುವುದು ಉಳಿದರ್ಧ. ಕೆಳಗಿನ ಐದು ದಾರಿಗಳನ್ನು ಆ ಎರಡನೆಯ ತಕ್ಕಡಿಯಲ್ಲೇ ತೂಗಿದ್ದೇನೆ.

ಮೊದಲು ಹದಿನೈದು ಸೆಕೆಂಡಿನ ಲೆಕ್ಕ

ಬಿ.ಇಡಿ ಮಾಡಿದವರಿಗೆಲ್ಲ ಫ್ಲಾಂಡರ್ಸ್ ನೆನಪಿರುತ್ತಾನೆ, ತರಗತಿಯಲ್ಲಿ ಯಾರು ಎಷ್ಟು ಮಾತಾಡುತ್ತಾರೆ ಎಂದು ಅಳೆಯಲು ಅವನು ಮಾಡಿದ, ನಾವು ಪರೀಕ್ಷೆಗೆ ಕಂಠಪಾಠ ಮಾಡಿದ ಹತ್ತು ವರ್ಗಗಳಿಗಾಗಿಯಾದರೂ. ಶಿಕ್ಷಕರ ಮಾತಿಗೆ ಏಳು ವರ್ಗ, ವಿದ್ಯಾರ್ಥಿಗಳ ಮಾತಿಗೆ ಎರಡು, ಮೌನಕ್ಕೋ ಗೊಂದಲಕ್ಕೋ ಒಂದು. ಮೂರು ಸೆಕೆಂಡಿಗೊಮ್ಮೆ ಗುರುತು ಹಾಕಬೇಕು. ಆ ಏಳು–ಎರಡರ ಹಂಚಿಕೆಯೇ ಒಂದು ಕಥೆ ಹೇಳುತ್ತದೆ. ನೆಡ್ ಫ್ಲಾಂಡರ್ಸ್ ಅಮೆರಿಕದ ತರಗತಿಗಳಲ್ಲಿ ಕೂತು ಕಂಡುಕೊಂಡದ್ದನ್ನು 'ಮೂರನೇ ಎರಡರ ನಿಯಮ' ಅನ್ನುತ್ತಾರೆ: ತರಗತಿಯ ಹೊತ್ತಿನ ಮೂರನೇ ಎರಡು ಭಾಗ ಯಾರೋ ಒಬ್ಬರು ಮಾತಾಡುತ್ತಿರುತ್ತಾರೆ, ಆ ಮಾತಿನ ಮೂರನೇ ಎರಡು ಭಾಗ ಶಿಕ್ಷಕರದು.

ಇದನ್ನು ನಮ್ಮ 45 ನಿಮಿಷಕ್ಕೆ ಇಳಿಸಿ ನೋಡಿ. ಮಾತು 30 ನಿಮಿಷ. ಮೇಷ್ಟ್ರದು 20, ಮಕ್ಕಳದು 10. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ತಲೆಗೆ ಹದಿನೈದು ಸೆಕೆಂಡು. ಅದೂ ಸಮನಾಗಿ ಹಂಚಿದರೆ; ನಿಜದಲ್ಲಿ ಮುಂದಿನ ಬೆಂಚಿನ ಐದಾರು ಮಂದಿಯೇ ಅದನ್ನು ನುಂಗಿರುತ್ತಾರೆ.

ಈಗ ಮೇಷ್ಟ್ರು ತಮ್ಮ ಮಾತನ್ನು ಅರ್ಧಕ್ಕೆ ಇಳಿಸಿ, ಉಳಿಸಿದ ಹತ್ತು ನಿಮಿಷವನ್ನೂ ಮಕ್ಕಳಿಗೇ ಕೊಟ್ಟರು ಅನ್ನಿ. ಒಬ್ಬೊಬ್ಬರಾಗಿ ಎದ್ದು ನಿಂತು ಉತ್ತರ ಹೇಳುವ ಪದ್ಧತಿ ಹಾಗೇ ಇದ್ದರೆ ಪ್ರತಿ ಮಗುವಿಗೆ ಸಿಗುವುದು ಮೂವತ್ತು ಸೆಕೆಂಡು. ಅದೇ ಮೂರು ನಿಮಿಷ ಪಕ್ಕದವರ ಜೊತೆ ಮಾತಾಡಿ ಎಂದರೆ ಒಬ್ಬೊಬ್ಬರಿಗೂ ತೊಂಬತ್ತು ಸೆಕೆಂಡು ಸಿಕ್ಕಿತು. ಮೇಷ್ಟ್ರು ಬಾಯಿ ಮುಚ್ಚಿಕೊಂಡಷ್ಟಕ್ಕೇ ಸಮತೋಲನ ಬರುವುದಿಲ್ಲ.

ದಾರಿ ಒಂದು: ಬಿಡಿಸಿ ಹೇಳುವುದು

ಇದಕ್ಕೆ ಈಗ ಕೆಟ್ಟ ಹೆಸರು. ಅನ್ಯಾಯದ ಹೆಸರು ಅಂತಲೇ ಹೇಳುತ್ತೇನೆ.

ಆರನೇ ತರಗತಿಯಲ್ಲಿ 1/2 + 1/3 ಎಷ್ಟು ಎಂದು ಕೇಳಿ. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ 2/5 ಎಂದು ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಛೇದ ಸಮ ಮಾಡಿಕೊಳ್ಳಬೇಕು ಅನ್ನುವುದು ಗುಂಪಿನಲ್ಲಿ ಕೂತು ಚರ್ಚಿಸಿದ ಮಾತ್ರಕ್ಕೆ ಹೊಳೆಯುವ ಸಂಗತಿಯಲ್ಲ. ಗೊತ್ತಿಲ್ಲದ ನಾಲ್ವರು ಸೇರಿ ಮಾತಾಡಿದರೆ ದನಿ ದೊಡ್ಡದಿದ್ದವನ 2/5 ಎಲ್ಲರ ಪುಸ್ತಕಕ್ಕೂ ಹೋಗುತ್ತದೆ. ಇಲ್ಲಿ ಮೇಷ್ಟ್ರು ಒಂದು ಉದ್ದನೆಯ ಕಾಗದದ ಪಟ್ಟಿ ಹಿಡಿದು, ಆರು ಮಡಿಕೆ ಮಾಡಿ, ಅರ್ಧ ಅಂದರೆ ಮೂರು ಮಡಿಕೆ, ಮೂರನೇ ಒಂದು ಅಂದರೆ ಎರಡು ಮಡಿಕೆ, ಒಟ್ಟು ಐದು, ಅಂದರೆ 5/6 ಎಂದು ಬಿಡಿಸಿ ತೋರಿಸಬೇಕು. ನಾಚಿಕೆಪಡದೆ ತೋರಿಸಬೇಕು.

ಇದನ್ನೇ ಶಿಕ್ಷಣ ಮನೋವಿಜ್ಞಾನಿಗಳಾದ ಪಾಲ್ ಕಿರ್ಶ್ನರ್, ಜಾನ್ ಸ್ವೆಲ್ಲರ್, ರಿಚರ್ಡ್ ಕ್ಲಾರ್ಕ್ ಮೂವರೂ 2006ರಲ್ಲಿ ಖಾರವಾಗಿ ವಾದಿಸಿದರು: ವಿಷಯಕ್ಕೆ ಹೊಸಬರಾದವರನ್ನು 'ನೀವೇ ಕಂಡುಹಿಡಿಯಿರಿ' ಎಂದು ಬಿಟ್ಟರೆ ತಲೆಯ ಮೇಲೆ ಹೊರೆ ಹೆಚ್ಚಾಗುತ್ತದೆಯೇ ಹೊರತು ಕಲಿಕೆ ಹೆಚ್ಚಾಗುವುದಿಲ್ಲ, ಬಿಡಿಸಿದ ಲೆಕ್ಕಗಳನ್ನು ಮೊದಲು ನೋಡಲು ಕೊಡಿ. ಎದುರು ಸಾಕ್ಷಿಯೂ ಉಂಟು. ಸ್ಕಾಟ್ ಫ್ರೀಮನ್ ಮತ್ತು ಜೊತೆಗಾರರು 2014ರಲ್ಲಿ ಕಾಲೇಜಿನ ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಬರೀ ಉಪನ್ಯಾಸ ಕೇಳಿದವರಲ್ಲಿ ಫೇಲಾದವರು ಸುಮಾರು ಶೇ. 34, ತರಗತಿಯಲ್ಲಿ ಕೈ–ಬಾಯಿ ಆಡಿಸಿದವರಲ್ಲಿ ಸುಮಾರು ಶೇ. 22.

ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ಹಚ್ಚುವವರುಂಟು. ನನಗೆ ಜಗಳ ಕಾಣುವುದಿಲ್ಲ. ಮೊದಲನೆಯದು ಗೊತ್ತಿಲ್ಲದವರನ್ನು ದಾರಿ ತೋರಿಸದೆ ಬಿಡಬೇಡಿ ಅನ್ನುತ್ತದೆ, ಎರಡನೆಯದು ಇಡೀ ಗಂಟೆ ಕೇಳಿಸಿಕೊಂಡೇ ಕೂರಿಸಬೇಡಿ ಅನ್ನುತ್ತದೆ. ಹತ್ತು ನಿಮಿಷ ಬಿಡಿಸಿ ಹೇಳಿ ಆಮೇಲೆ ಕೆಲಸ ಕೊಡುವ ಮೇಷ್ಟ್ರು ಎರಡರ ಕಣ್ಣಲ್ಲೂ ತಪ್ಪಿತಸ್ಥನಲ್ಲ.

ಕನ್ನಡ ಮೇಷ್ಟ್ರಿಗೂ ಇದೇ ಮಾತು. ಕುಮಾರವ್ಯಾಸನ ಪದ್ಯವನ್ನು ಮೊದಲ ಸಲ ಮಗುವಿನ ಕೈಯಲ್ಲಿ ತಡವರಿಸಿ ಓದಿಸಿದರೆ ಭಾಮಿನಿಯ ಮೂರು–ನಾಲ್ಕು ಮಾತ್ರೆಯ ನಡೆ ಅಲ್ಲೇ ಸತ್ತುಹೋಗುತ್ತದೆ. ಅದನ್ನು ಮೊದಲು ಮೇಷ್ಟ್ರ ಬಾಯಲ್ಲಿ, ರಾಗವಾಗಿ, ಕೇಳಬೇಕು. ಪ್ರಸ್ತಾರ ಹಾಕುವುದು, ಲಘು–ಗುರು ಗುರುತಿಸುವುದು, ಅರ್ಥದ ಬಗ್ಗೆ ವಾದ ಮಾಡುವುದು ಎಲ್ಲ ಆಮೇಲೆ, ಮಕ್ಕಳ ಪಾಲಿಗೆ. ಪ್ರಯೋಗಾಲಯದಲ್ಲಿ ಆಮ್ಲ ಮುಟ್ಟುವ ಮೊದಲು ಹೇಳುವ ಎಚ್ಚರಿಕೆಯೂ ಅಷ್ಟೇ. ಅಲ್ಲಿ ಚರ್ಚೆ ಬೇಡ.

ಇದರ ದೌರ್ಬಲ್ಯ ಎಲ್ಲರಿಗೂ ಗೊತ್ತು: ಯಾರಿಗೆ ಅರ್ಥವಾಯಿತು ಅನ್ನುವುದು ಮೇಷ್ಟ್ರಿಗೆ ತಿಳಿಯುವುದೇ ಇಲ್ಲ. ನಾನಂತೂ ಒಂದೇ ಸಮನೆ ಹತ್ತು ನಿಮಿಷ ಮೀರಿದರೆ ವಾಚು ನೋಡಿಕೊಂಡು ನಿಲ್ಲಿಸುತ್ತೇನೆ.

ದಾರಿ ಎರಡು: ಪ್ರಶ್ನೆ ಕೇಳುತ್ತಾ ಹೋಗುವುದು

ನಮ್ಮಲ್ಲಿ ಅತಿ ಹೆಚ್ಚು ನಡೆಯುವುದು ಇದು. ಪಾಠ ಟಿಪ್ಪಣಿಯಲ್ಲಿ 'ಚರ್ಚಾ ವಿಧಾನ' ಎಂದು ಬರೆದು ತರಗತಿಯಲ್ಲಿ ಮಾಡುವುದೂ ಇದನ್ನೇ.

"ಸಸ್ಯಗಳು ಆಹಾರ ತಯಾರಿಸುವ ಕ್ರಿಯೆಗೆ ದ್ಯುತಿಸಂ...?"

"...ಶ್ಲೇಷಣೆ!"

"ಅರ್ಥ ಆಯ್ತಾ?"

"ಆಯ್ತು ಸಾಆಆರ್!"

ಹೊರಗೆ ಜಗಲಿಯಲ್ಲಿ ನಿಂತ ಮುಖ್ಯೋಪಾಧ್ಯಾಯರಿಗೆ ತರಗತಿ ಬಹಳ ಚುರುಕಾಗಿದೆ ಅನ್ನಿಸುತ್ತದೆ. ಒಳಗೆ ಒಬ್ಬರೂ ಯೋಚಿಸಿಲ್ಲ. ಅರ್ಧ ಪದ ಕೊಟ್ಟು ಇನ್ನರ್ಧ ಕೂಗಿಸುವುದು ಭಾಗವಹಿಸುವಿಕೆಯಲ್ಲ, ಪಲ್ಲವಿಗೆ ದನಿ ಸೇರಿಸುವುದು. ಮಗ್ಗಿಗೆ, ಕಾಗುಣಿತಕ್ಕೆ ಅದು ಒಳ್ಳೆಯದೇ. ಕೂಲಿಮಠದ ಕಾಲದಿಂದ ಮಗ್ಗಿ ಬಾಯಿಗೆ ಬಂದದ್ದು ಹಾಗೆಯೇ, ನನಗೂ ಹತ್ತೊಂಬತ್ತರ ಮಗ್ಗಿ ಬರುವುದು ಆ ರಾಗದಿಂದಲೇ. ದ್ಯುತಿಸಂಶ್ಲೇಷಣೆ ಮಗ್ಗಿಯಲ್ಲ.

ಬರ್ಮಿಂಗ್‌ಹ್ಯಾಮಿನ ಭಾಷಾವಿಜ್ಞಾನಿಗಳಾದ ಜಾನ್ ಸಿಂಕ್ಲೇರ್ ಮತ್ತು ಮಾಲ್ಕಮ್ ಕೂಲ್ತಾರ್ಡ್ 1975ರಲ್ಲಿ ತರಗತಿಯ ಮಾತಿನ ಈ ಸರಪಳಿಯನ್ನು ಬಿಡಿಸಿಟ್ಟರು: ಶಿಕ್ಷಕರು ಕೇಳುತ್ತಾರೆ, ವಿದ್ಯಾರ್ಥಿ ಹೇಳುತ್ತಾನೆ, ಶಿಕ್ಷಕರು 'ಸರಿ' ಅಥವಾ 'ತಪ್ಪು' ಅನ್ನುತ್ತಾರೆ. ಮಕ್ಕಳ ಒಂದು ಮಾತಿಗೆ ಮೇಷ್ಟ್ರದು ಎರಡು. ನಾವು ಎಷ್ಟೇ ಪ್ರಶ್ನೆ ಕೇಳಿದರೂ ತಕ್ಕಡಿ ನಮ್ಮ ಕಡೆಗೇ ವಾಲುವುದು ಇದಕ್ಕೆ.

ಹಾಗೆಂದು ಬಿಸಾಡಬೇಕಿಲ್ಲ, ರಿಪೇರಿ ಮಾಡಬಹುದು. ರಿಪೇರಿಯ ಖರ್ಚು ಮೂರು ಸೆಕೆಂಡು. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕೇಳಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಎಳೆದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಅನ್ನುವವರು ಕಡಿಮೆಯಾದರು, ನಿಧಾನ ಎಂದು ಹಣೆಪಟ್ಟಿ ಹಚ್ಚಿಸಿಕೊಂಡಿದ್ದವರೂ ಬಾಯಿ ಬಿಟ್ಟರು. ಮಗು ಉತ್ತರ ಹೇಳಿ ನಿಲ್ಲಿಸಿದ ಮೇಲೂ ಇನ್ನೊಮ್ಮೆ ಕಾಯಬೇಕು ಎಂದು ರೋ ಹೇಳುತ್ತಾರೆ. ನಾವು ಅಲ್ಲೇ "ಗುಡ್, ಕೂತ್ಕೋ" ಎಂದು ಬಾಗಿಲು ಹಾಕಿಬಿಡುತ್ತೇವೆ.

ಇದನ್ನು ಮಾಡಿ ನೋಡಿದವರಿಗೇ ಗೊತ್ತು, ಮೂರು ಸೆಕೆಂಡಿನ ಮೌನ ಎಷ್ಟು ಉದ್ದ ಅಂತ. ನಾನು ಬೆನ್ನ ಹಿಂದೆ ಬೆರಳು ಎಣಿಸುತ್ತೇನೆ. ಇನ್ನೊಂದು ಉಪಾಯ, ಹೆಸರನ್ನು ಕೊನೆಗೆ ಇಡುವುದು. "ರಮೇಶಾ, ಹಗಲು–ರಾತ್ರಿ ಯಾಕಾಗುತ್ತೆ?" ಎಂದರೆ 'ರಮೇಶಾ' ಕೇಳಿದ ಕ್ಷಣವೇ ಉಳಿದವರಿಗೆ ರಜೆ. ಪ್ರಶ್ನೆ ಕೇಳಿ, ಕಾದು, ಆಮೇಲೆ ಹೆಸರು ಕರೆದರೆ ಅಷ್ಟು ಹೊತ್ತು ಎಲ್ಲರ ಎದೆಯೂ ಢವಢವ. ಹೆಸರಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎತ್ತುವವರೂ ಇದ್ದಾರೆ. ಆದರೆ ಬಾಯಿ ತೆರೆಯಲೇ ಹೆದರುವ ಮಗುವಿನ ಚೀಟಿ ಮೊದಲ ವಾರದಲ್ಲೇ ಬರದಂತೆ ಸ್ವಲ್ಪ ಮೋಸ ಮಾಡುವುದು ತಪ್ಪಲ್ಲ.

ದಾರಿ ಮೂರು: ಸ್ಲೇಟು

ಇದರ ಬಗ್ಗೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ.

ಸ್ಲೇಟು ಒಂದನೇ ತರಗತಿಯ ವಸ್ತು ಎಂದು ಮೂಲೆಗೆ ಸೇರಿಸಿದ್ದೇವೆ. ಏಳನೇ ತರಗತಿಗೆ ತಂದು ನೋಡಿ. "0.5 ಮತ್ತು 0.45, ಯಾವುದು ದೊಡ್ಡದು? ಬರೆಯಿರಿ. ಯಾರದ್ದೂ ನೋಡಬೇಡಿ. ಒಂದು, ಎರಡು, ಮೂರು, ಎತ್ತಿ!" ನಲವತ್ತು ಉತ್ತರ ಒಂದೇ ನೋಟಕ್ಕೆ. ನಲವತ್ತೈದು ಐದಕ್ಕಿಂತ ದೊಡ್ಡದಲ್ಲವೇ ಎಂದು 0.45 ಬರೆದವರು ಎಷ್ಟು ಮಂದಿ, ಅವರು ಎಲ್ಲಿ ಕೂತಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಕೈ ಎತ್ತಿಸಿ ಕೇಳಿದ್ದರೆ ಸರಿ ಉತ್ತರ ಗೊತ್ತಿದ್ದ ಹುಡುಗಿ ಹೇಳುತ್ತಿದ್ದಳು, ನಾನು "ಗುಡ್" ಎಂದು ಮುಂದೆ ಹೋಗುತ್ತಿದ್ದೆ.

ಮೇಷ್ಟ್ರ ಮಾತು ಅರ್ಧ ನಿಮಿಷ, ಮಕ್ಕಳ ಮಾತು ಸೊನ್ನೆ, ಕೆಲಸ ಮಾಡಿದ ತಲೆಗಳು ನಲವತ್ತು. ಫ್ಲಾಂಡರ್ಸನ ಕೋಷ್ಟಕದಲ್ಲಿ ಇದು 'ಮೌನ' ಎಂದು ದಾಖಲಾಗುತ್ತದೆ ಅನ್ನುವುದು ನನಗೆ ತಮಾಷೆ. ಸ್ಲೇಟು ಇಲ್ಲದಿದ್ದರೆ ರಫ್ ಪುಸ್ತಕದ ಹಿಂದಿನ ಹಾಳೆ, ಅದೂ ಬೇಡವೆಂದರೆ ಬೆರಳು: ಮೊದಲ ಆಯ್ಕೆಗೆ ಒಂದು ಬೆರಳು, ಎರಡನೆಯದಕ್ಕೆ ಎರಡು. ಬೆರಳನ್ನು ತಲೆಯ ಮೇಲೆ ಎತ್ತಿಸಬೇಡಿ, ಎದೆಗೆ ಒತ್ತಿ ಹಿಡಿಯಲು ಹೇಳಿ. ಹಿಂದಿನವರು ನೋಡಿ ನಕಲು ಮಾಡುವುದಿಲ್ಲ.

ಸ್ಲೇಟಿಗೆ ಆಗದ ಕೆಲಸ ಯಾವುದೆಂದರೆ 'ಯಾಕೆ'. ವಸಾಹತು ಆಳ್ವಿಕೆ ರೈತರಿಗೆ ಏನು ಮಾಡಿತು ಅನ್ನುವುದನ್ನು ಅಂಗೈಯಗಲದ ಸ್ಲೇಟಿನಲ್ಲಿ ಹಿಡಿಸಲು ಬರುವುದಿಲ್ಲ.

ದಾರಿ ನಾಲ್ಕು: ಪಕ್ಕದವರ ಜೊತೆ ಎರಡು ಮಾತು

ಮೊದಲು ಒಬ್ಬರೇ ಯೋಚಿಸು, ಆಮೇಲೆ ಪಕ್ಕದವರಿಗೆ ಹೇಳು, ಕೊನೆಗೆ ತರಗತಿಗೆ ಹೇಳು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಲೈಮನ್ 1981ರಲ್ಲಿ ಇದಕ್ಕೆ ಒಂದು ಚೌಕಟ್ಟು ಕೊಟ್ಟರು. ಬೆಂಚು ಎಳೆದಾಡಬೇಕಿಲ್ಲ, ಚಾರ್ಟು ಬೇಕಿಲ್ಲ. ಅರವತ್ತು ಮಕ್ಕಳಿರುವ ಕೋಣೆಯಲ್ಲೂ ನಡೆಯುತ್ತದೆ. ನಿಮ್ಮ ತರಗತಿ ತುಂಬಿ ತುಳುಕುತ್ತಿದ್ದರೆ ಗುಂಪು ಚಟುವಟಿಕೆಯ ಆಸೆ ಬಿಟ್ಟು ಇದನ್ನೇ ಹಿಡಿಯಿರಿ.

ಸ್ಲೇಟಿನ ಜೊತೆ ಇದನ್ನು ಹೆಣೆದರೆ ಇನ್ನೂ ಗಟ್ಟಿ. ಹಾರ್ವರ್ಡ್‌ನ ಭೌತವಿಜ್ಞಾನದ ಮೇಷ್ಟ್ರು ಎರಿಕ್ ಮಜೂರ್ 1991ರಿಂದ ಹಾಗೆ ಮಾಡುತ್ತಾ ಬಂದರು. ನಾನು ಎಂಟನೇ ತರಗತಿಯಲ್ಲಿ ಮಾಡುವ ರೀತಿ ಹೀಗೆ. ಸ್ಟೀಲ್ ಲೋಟದಲ್ಲಿ ಐಸು ಹಾಕಿ ಮೇಜಿನ ಮೇಲೆ ಇಡುತ್ತೇನೆ. ಸ್ವಲ್ಪ ಹೊತ್ತಿಗೆ ಲೋಟದ ಹೊರಮೈ ಬೆವರುತ್ತದೆ. ಆ ಹನಿ ಎಲ್ಲಿಂದ ಬಂತು? ಒಂದು: ಐಸು ಕರಗಿ ಲೋಟದಿಂದ ಒಸರಿತು. ಎರಡು: ಒಳಗಿನ ತಂಪು ಹೊರಗೆ ಬಂದು ನೀರಾಯಿತು. ಮೂರು: ಗಾಳಿಯಲ್ಲಿದ್ದ ಆವಿ ತಂಪಾಗಿ ನೀರಾಯಿತು. ಬೆರಳು ತೋರಿಸಿ.

ಬಹುತೇಕ ಎಲ್ಲರೂ ಮೂರು ಅಂದರೆ ಚರ್ಚೆ ವ್ಯರ್ಥ, ಒಂದು ಮಾತಲ್ಲಿ ಮುಗಿಸಿ ಮುಂದೆ ಹೋಗಬಹುದು. ಬೆರಳೆಣಿಕೆಯಷ್ಟೇ ಮಂದಿ ಮೂರು ಅಂದರೆ ಆಗಲೂ ಚರ್ಚೆ ಬೇಡ. ಗೊತ್ತಿದ್ದವರೇ ಇಲ್ಲದ ಕಡೆ ಏನು ಚರ್ಚೆ, ಹಿಂತಿರುಗಿ ಬಿಡಿಸಿ ಹೇಳಬೇಕು. ಮೂರನೇ ಒಂದರಿಂದ ಮೂರನೇ ಎರಡರ ನಡುವೆ ಇದ್ದರೆ ಮಾತ್ರ "ಬೇರೆ ಬೆರಳು ತೋರಿಸಿದವರನ್ನು ಹುಡುಕಿ ಒಪ್ಪಿಸಿ" ಅನ್ನಬೇಕು. ಒಮ್ಮೆ ಒಬ್ಬ ಹುಡುಗ ಪಕ್ಕದವನಿಗೆ ಹೇಳುತ್ತಿದ್ದ: "ಒಸರಿದ್ರೆ ಬಿಸಿ ಚಾ ಹಾಕಿದಾಗ್ಲೂ ಒಸರ್ಬೇಕಿತ್ತಲ್ಲೋ!" ನಾನು ಹತ್ತು ನಿಮಿಷ ಗಂಟಲು ಹರಿದುಕೊಂಡರೂ ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಮಾತು ಕಡಿಮೆ ಮಾಡಬೇಕೋ ಹೆಚ್ಚು ಮಾಡಬೇಕೋ ಎಂದು ನನಗೆ ಹೇಳಿಕೊಟ್ಟದ್ದು ಯಾವ ತರಬೇತಿಯೂ ಅಲ್ಲ, ಈ ಬೆರಳುಗಳ ಎಣಿಕೆ.

ಮನೆಯಲ್ಲಿ ತುಳು, ಲಂಬಾಣಿ, ಉರ್ದು, ತೆಲುಗು, ಮರಾಠಿ ಆಡುವ ಮಕ್ಕಳಿಗೆ ಈ ದಾರಿಯಲ್ಲಿ ಇನ್ನೊಂದು ಲಾಭವಿದೆ. ಪಕ್ಕದವರ ಜೊತೆಗಿನ ಎರಡು ನಿಮಿಷ ಅವರ ಮಾತಲ್ಲೇ ಇರಲಿ, ತರಗತಿಗೆ ಹೇಳುವಾಗ ಪಾಠದ ಭಾಷೆಗೆ ಬರಲಿ. 2019–20ರಿಂದ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಇಂಗ್ಲಿಷ್ ಮಾಧ್ಯಮದ ವಿಭಾಗಗಳಲ್ಲಂತೂ ಇದು ಬೇಕೇ ಬೇಕು. ಇಂಗ್ಲಿಷಿನಲ್ಲೇ ಚರ್ಚಿಸಿ ಎಂದರೆ ಚರ್ಚೆ ನಿಲ್ಲುತ್ತದೆ, ವಿಜ್ಞಾನವೂ ನಿಲ್ಲುತ್ತದೆ.

ದಾರಿ ಐದು: ಗುಂಪು

ಗುಂಪು ಕೆಲಸ ನಮಗೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದ ಶಿಕ್ಷಕರ ಕೈಯಲ್ಲಿ ಸಣ್ಣ ತರಗತಿಗಳ ನಲಿ–ಕಲಿ ಪದ್ಧತಿ ಶುರುವಾಯಿತು. ಕಲಿಕಾ ಏಣಿ, ಕಾರ್ಡು, ಐದು ತಟ್ಟೆ (ಅಂದರೆ ಮಕ್ಕಳು ಕೂರುವ ಐದು ಗುಂಪು). ಆ ತಟ್ಟೆಗಳ ಹಿಂದಿನ ಬುದ್ಧಿ ನೋಡಿ: ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಒಂದಕ್ಕೆ ಭಾಗಶಃ, ಒಂದಕ್ಕೆ ಗೆಳೆಯರ ಪೂರ್ತಿ ಸಹಾಯ, ಒಂದಕ್ಕೆ ಗೆಳೆಯರದೂ ಭಾಗಶಃ, ಕೊನೆಯದು ಸ್ವಕಲಿಕೆ. ಮೇಷ್ಟ್ರ ಮಾತು ಎಲ್ಲರಿಗೂ ಒಂದೇ ಅಳತೆಯಲ್ಲಿ ಬೇಕಿಲ್ಲ ಅನ್ನುವುದನ್ನು ನೆಲದ ಮೇಲೆ ಕೂರಿಸಿ ತೋರಿಸಿದ ಏರ್ಪಾಡು ಅದು. ಒಬ್ಬರೇ ಶಿಕ್ಷಕರು, ಎರಡು–ಮೂರು ತರಗತಿ ಒಂದೇ ಕೋಣೆ ಅನ್ನುವ ಕಡೆ ಬೇರೆ ಆಯ್ಕೆಯೇ ಇಲ್ಲ.

ಮೇಲಿನ ತರಗತಿಗಳಲ್ಲಿ ಗುಂಪು ಕೆಡುವುದು ಬೇರೆ ಕಾರಣಕ್ಕೆ. ಒಬ್ಬಳು ಬರೆಯುತ್ತಾಳೆ, ಒಬ್ಬ ಚಾರ್ಟಿಗೆ ಬಾರ್ಡರ್ ಎಳೆಯುತ್ತಾನೆ, ಇಬ್ಬರು ಸ್ಕೆಚ್ ಪೆನ್ನಿಗೆ ಜಗಳವಾಡುತ್ತಾರೆ. ಎಲ್ಲರ ಕೈಯಲ್ಲೂ ಒಂದೇ ಮಾಹಿತಿ ಇದ್ದರೆ ಎಲ್ಲರೂ ಬೇಕಾಗುವುದಿಲ್ಲ. ಮಾಹಿತಿಯನ್ನೇ ಹರಿದು ಹಂಚಿದರೆ? ಮನೋವಿಜ್ಞಾನಿ ಎಲಿಯಟ್ ಆರನ್ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಅದನ್ನೇ ಮಾಡಿದರು. ಆಗಷ್ಟೇ ಒಂದೇ ಶಾಲೆಗೆ ಬಂದಿದ್ದ ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳು ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಪಾಠದ ಒಂದೊಂದು ತುಂಡು ಒಬ್ಬೊಬ್ಬರ ಕೈಯಲ್ಲಿ ಇಟ್ಟಾಗ ಎಲ್ಲರಿಗೂ ಎಲ್ಲರೂ ಬೇಕಾದರು. ನಮ್ಮ ಭೂಗೋಳಕ್ಕೆ ಇದು ಹೇಳಿ ಮಾಡಿಸಿದಂತಿದೆ: ಕರಾವಳಿ, ಮಲೆನಾಡು, ಉತ್ತರದ ಮೈದಾನ, ದಕ್ಷಿಣದ ಮೈದಾನ. ನಾಲ್ಕು ತುಂಡು, ನಾಲ್ಕು ಮಕ್ಕಳು. ಮೊದಲು ಕರಾವಳಿಯವರೆಲ್ಲ ಒಟ್ಟಿಗೆ ಕೂತು ಓದಿ, ಆಮೇಲೆ ತಮ್ಮ ಗುಂಪಿಗೆ ಹೋಗಿ ಹೇಳಿಕೊಡಬೇಕು. ಖರ್ಚು ಮಾತ್ರ ಪೂರ್ತಿ ಒಂದು ಪೀರಿಯಡ್, ಕೆಲವೊಮ್ಮೆ ಎರಡು. ತಿಂಗಳಿಗೆ ಒಂದೆರಡು ಸಲಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗಿಲ್ಲ.

ಆಯ್ದುಕೊಳ್ಳುವಾಗ

ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ವಿಷಯ ಮಕ್ಕಳಿಗೆ ಹೊಸದೋ ಹಳೆಯದೋ. ಹೊಸದಾದರೆ ಬಿಡಿಸಿ ಹೇಳಿ ಸ್ಲೇಟಿನಲ್ಲಿ ಪರೀಕ್ಷಿಸುತ್ತೇನೆ. ಅರ್ಧಂಬರ್ಧ ಗೊತ್ತಿದ್ದರೆ ಪಕ್ಕದವರ ಜೊತೆಗಿನ ಮಾತು. ಚೆನ್ನಾಗಿ ಗೊತ್ತಿದ್ದು ಅಭ್ಯಾಸವಷ್ಟೇ ಬಾಕಿ ಇದ್ದರೆ ನಾನು ಬಾಯಿ ಬಿಡುವುದಿಲ್ಲ, ಪುಸ್ತಕ ತೆಗೆಸುತ್ತೇನೆ. ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರುವ ಸಂಗತಿಗೆ, ಅಂದರೆ ಒಂದು ಕತೆಯ ಪಾತ್ರ ಮಾಡಿದ್ದು ನ್ಯಾಯವೇ ಅನ್ನುವಂಥದಕ್ಕೆ, ಗುಂಪು.

ಹತ್ತನೇ ತರಗತಿಗೆ ಪಾಠ ಮಾಡುವವರು "ಪೋರ್ಷನ್ ಮುಗಿಯಲ್ಲ" ಅನ್ನುತ್ತಾರೆ. ನಿಜವಾದ ಭಯ, 80 ಅಂಕದ ಪ್ರಶ್ನೆಪತ್ರಿಕೆ ಯಾರಿಗೂ ಕಾಯುವುದಿಲ್ಲ. ಅವರಿಗೆ ಗುಂಪು ಬೇಡ ಎಂದೇ ಹೇಳುತ್ತೇನೆ. ಆದರೆ ಸ್ಲೇಟಿಗೆ ಎರಡು ನಿಮಿಷ, ಜೋಡಿ ಮಾತಿಗೆ ಮೂರು ನಿಮಿಷ. ನಾವು ಬೋರ್ಡಿನಲ್ಲಿ ನೋಟ್ಸ್ ಬರೆದು ಅದನ್ನು ಮಕ್ಕಳು ಇಳಿಸಿಕೊಳ್ಳುವವರೆಗೆ ಕಾಯುವ ಹೊತ್ತು ಇದಕ್ಕಿಂತ ಹೆಚ್ಚು.

ನನ್ನ ಭಿನ್ನರಾಶಿ ಪೀರಿಯಡ್ಡಿನ ಲೆಕ್ಕ ಬಿಚ್ಚಿಡುತ್ತೇನೆ. ಕೈಗೆ ಸಿಕ್ಕಿದ್ದು 40 ನಿಮಿಷ. ಮೊದಲ ನಾಲ್ಕು ನಿಮಿಷ ಎರಡು ಸ್ಲೇಟು ಪ್ರಶ್ನೆ: 1/2, 1/3ರಲ್ಲಿ ಯಾವುದು ದೊಡ್ಡದು, 1/2ಕ್ಕೆ ಸಮನಾದ ಇನ್ನೊಂದು ಭಿನ್ನರಾಶಿ ಬರೆ. ಆಮೇಲೆ ಒಂಬತ್ತು ನಿಮಿಷ ಕಾಗದದ ಪಟ್ಟಿ ಹಿಡಿದು ನಾನೇ ಮಾತಾಡಿದೆ. ಎರಡನೇ ಲೆಕ್ಕವನ್ನು ಬಾಯಿ ಮುಚ್ಚಿಕೊಂಡು ಬೋರ್ಡಿನಲ್ಲಿ ಬಿಡಿಸಿ, ಪ್ರತಿ ಹೆಜ್ಜೆ ಯಾಕೆ ಎಂದು ಪಕ್ಕದವರಿಗೆ ಹೇಳಿ ಅಂದೆ, ಐದು ನಿಮಿಷ. 1/4 + 1/3 ಸ್ಲೇಟಿನಲ್ಲಿ, ಮೂರು ನಿಮಿಷ. ಅದರಲ್ಲಿ ಕಂಡ ತಪ್ಪುಗಳನ್ನು ಹಿಡಿದು ಮತ್ತೆ ನಾಲ್ಕು ನಿಮಿಷ ನನ್ನ ಮಾತು. ಹನ್ನೆರಡು ನಿಮಿಷ ಪುಸ್ತಕದ ಲೆಕ್ಕ, ನಾನು ಬೆಂಚುಗಳ ನಡುವೆ. ಕೊನೆಗೆ ಮೂರು ನಿಮಿಷ, 1/2 + 1/5, ಮತ್ತೆ ಸ್ಲೇಟು.

ಪ್ರಶ್ನೆ ಓದಿದ್ದು, ಸೂಚನೆ ಕೊಟ್ಟದ್ದು ಎಲ್ಲ ಸೇರಿಸಿ ನನ್ನ ಮಾತು ಸುಮಾರು 19 ನಿಮಿಷ. 40 ನಿಮಿಷಕ್ಕೆ ಫ್ಲಾಂಡರ್ಸನ ಮೇಷ್ಟ್ರಿಗೆ ಬರುವುದು ಸುಮಾರು 18, ನನ್ನದು ಅದಕ್ಕಿಂತ ಒಂದು ನಿಮಿಷ ಹೆಚ್ಚೇ. ಆದರೆ ಪ್ರತಿ ಮಗುವೂ ನಾಲ್ಕು ಸಲ ಉತ್ತರ ಬರೆದು ಎತ್ತಿತ್ತು, ಎರಡೂವರೆ ನಿಮಿಷ ಮಾತಾಡಿತ್ತು. ಕೊನೆಯ ಸ್ಲೇಟಿನಲ್ಲಿ ಏಳು ಮಂದಿ ಇನ್ನೂ 2/7 ಬರೆದಿದ್ದರು. ಹೆಸರು ಗುರುತು ಹಾಕಿಕೊಂಡೆ. ಮರುದಿನ ಉಳಿದವರು ಜೋಡಿಯಲ್ಲಿ ಲೆಕ್ಕ ಮಾಡುತ್ತಿದ್ದಾಗ ಆ ಏಳು ಮಂದಿಯನ್ನು ಬೋರ್ಡಿನ ಹತ್ತಿರ ಕೆಳಗೆ ಕೂರಿಸಿಕೊಂಡು ಮತ್ತೆ ಕಾಗದ ಮಡಿಸಿದೆ, ಈ ಸಲ ಹತ್ತು ಮಡಿಕೆ.